ಸಿಪ್ಪೆಯ ಲೆಕ್ಕ

ರಂಗನಾಥನಿಗೆ ಲೆಕ್ಕ ಬರುವುದಿಲ್ಲ ಎಂಬುದು ಕೃಷ್ಣಮ್ಮನಿಗೆ ಮದುವೆಯಾದ ಎಂಟನೆಯ ದಿನವೇ ಗೊತ್ತಾಗಿತ್ತು. ಮೂಡಿಗೆರೆ ಸಂತೆಗೆ ಒಣಮೀನು ತರಲು ಹೋದವನು, ಅಂಗಡಿಯವನು ತನಗೆ ಕೊಡಬೇಕಾಗಿದ್ದ ಚಿಲ್ಲರೆಯನ್ನು ತಾನೇ ಅವನಿಗೆ ಕೊಟ್ಟು ಬಂದಿದ್ದ. ಲೆಕ್ಕ ಬರದಿರುವುದು ದೊಡ್ಡ ಪಾಪವೇನಲ್ಲ. ಬರುತ್ತದೆ ಎಂದುಕೊಂಡು ಊರಿಗೆಲ್ಲ ಹೇಳಿಕೊಡುವುದಿದೆಯಲ್ಲ, ಅದನ್ನು ಇಪ್ಪತ್ತೇಳು ವರ್ಷ ಸಹಿಸಿಕೊಂಡು ಅವಳ ಹಲ್ಲು ಸವೆದಿದ್ದವು.

ಅವನಿಗೆ ಆರು ಎಕರೆ ರೊಬಸ್ಟಾ ಕಾಫಿ, ಒಂದು ಎಕರೆ ಗದ್ದೆ, ಒಂದು ಟಿ.ವಿ., ಒಂದು ಫೋನು ಇದ್ದವು. ಈ ನಾಲ್ಕರಲ್ಲಿ ಅವನು ಮನಸ್ಸಿಟ್ಟು ನೋಡಿಕೊಳ್ಳುತ್ತಿದ್ದದ್ದು ಕೊನೆಯ ಎರಡನ್ನು. ಎರಡು ಸಾವಿರದ ಮೂರನೆಯ ಇಸವಿ ಫೆಬ್ರುವರಿಯಲ್ಲಿ ಕ್ರಿಕೆಟ್ ವಿಶ್ವಕಪ್ ಶುರುವಾದ ಮೇಲಂತೂ ಗದ್ದೆ ತೋಟಗಳ ಹೆಸರೇ ಅವನ ಬಾಯಿಂದ ಬಿದ್ದುಹೋಯಿತು. ಅದು ತೋಟಕ್ಕೆ ನೀರು ಹಾರಿಸುವ ಕಾಲ. ಈ ಹೊತ್ತಿಗೆ ನೀರು ಬೀಳದಿದ್ದರೆ ರೊಬಸ್ಟಾ ಹೂವಾಗುವುದಿಲ್ಲ, ಹೂವಾಗದಿದ್ದರೆ ಬರುವ ವರ್ಷ ಬಾಯಿಗೆ ಮಣ್ಣು. ನಾಲ್ಕು ಗಂಟೆಗೊಮ್ಮೆ ಸ್ಪ್ರಿಂಕ್ಲರ್ ಪೈಪುಗಳನ್ನು ಕಳಚಿ ಮುಂದಿನ ಸಾಲಿಗೆ ಹೊರಬೇಕು. ಆ ಪೈಪುಗಳನ್ನು ಕೃಷ್ಣಮ್ಮ, ಮಗಳು ಸೇರಿ ಹೊತ್ತರು. ರಂಗನಾಥ ಗುರುವಯ್ಯನಿಗೆ ಫೋನು ಹಚ್ಚಿದ.

ಗುರುವಯ್ಯ ಮೂಡಿಗೆರೆಯಲ್ಲಿ ಕಾಫಿ ಕೊಳ್ಳುವವನು. ಏಳೆಂಟು ವರ್ಷಗಳಿಂದ ದಿನಾ ಬೆಳಿಗ್ಗೆ ಫೋನಿನಲ್ಲಿ ಕಾಫಿಯ ಭಾವ, ಅಂದರೆ ಆ ದಿನದ ಬೆಲೆ, ಹೇಳುತ್ತಿದ್ದ. ಆ ವರ್ಷ ಅದೇ ಫೋನಿನಲ್ಲಿ, ಅದೇ ರಾಗದಲ್ಲಿ, ಮ್ಯಾಚಿನ ಭಾವವನ್ನೂ ಹೇಳತೊಡಗಿದ. ಬಾಜಿ ಕಟ್ಟುವವರು ಅಂಗಡಿಯ ಹಿಂಬದಿಯ ಬಾಗಿಲಿನಿಂದ ಬರಬೇಕು, ಅಷ್ಟೇ ವ್ಯತ್ಯಾಸ. ರಂಗನಾಥ ಒಂದು ತಿಂಗಳು ಬಾಜಿ ಕಟ್ಟಲಿಲ್ಲ, ಭಾವವನ್ನಷ್ಟೇ ಕೇಳಿದ. ಕೇಳಿದ್ದನ್ನು ಊಟಕ್ಕೆ ಕೂತಾಗ ಎಲ್ಲರಿಗೂ ಬಡಿಸಿದ.

"ಇವತ್ತು ಇಂಡಿಯಾ ಮೂವತ್ತು ಪೈಸೆ. ನಿನ್ನೆ ನಲವತ್ತಿತ್ತು. ಭಾವ ಬೀಳ್ತಾ ಇದೆ" ಎನ್ನುತ್ತಿದ್ದ, ರೊಟ್ಟಿ ಮುರಿಯುತ್ತ.

ಅವನ ತಾಯಿ ರುಕ್ಮಿಣಮ್ಮನಿಗೆ ಎಪ್ಪತ್ತೆಂಟು. ಭಾವ ಬೀಳುತ್ತಿದೆ ಎಂದಾಗಲೆಲ್ಲ ಕಾಫಿಯದೇ ಇರಬೇಕೆಂದು ಅವರು ಲೊಚಗುಟ್ಟುತ್ತಿದ್ದರು.

ಕೃಷ್ಣಮ್ಮನ ಲೋಕ ಬೇರೆ. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿ ಬಿದ್ದಿರುವ ಹಣ್ಣು ಮನೆಯ ಹೆಂಗಸಿಗೆ ಸೇರಿದ್ದು. ಅದು ಯಾವ ಕಾಗದದಲ್ಲೂ ಬರೆದಿರದ, ಆದರೆ ಆ ಮನೆಯಲ್ಲಿ ಅತ್ತೆಯ ಅತ್ತೆಯ ಕಾಲದಿಂದ ನಡೆದುಬಂದ ಕಾಯಿದೆ. ಗಿಡದ ಅಡಿಗೆ ನುಗ್ಗಿ, ಕುಕ್ಕುರುಗಾಲಿನಲ್ಲಿ ಕೂತು, ತರಗೆಲೆ ಕೆದಕಿ ಒಂದೊಂದೇ ಹೆಕ್ಕಬೇಕು. ಗಂಡಸರು ಅದನ್ನು ಮುಟ್ಟುವುದಿಲ್ಲ, ಬೆನ್ನು ನೋಯುತ್ತದೆಂದಲ್ಲ, ಮರ್ಯಾದೆ ನೋಯುತ್ತದೆಂದು. ಹಾಗೆ ಹೆಕ್ಕಿದ ಉದುರನ್ನು ಕೃಷ್ಣಮ್ಮ ಒಣಗಿಸಿ ಮೂಟೆ ಕಟ್ಟಿ ಬಾಯಿಗೆ ನೀಲಿ ದಾರದ ಹೊಲಿಗೆ ಹಾಕುತ್ತಿದ್ದಳು. ಕಾಫಿಯ ಬೆಲೆ ನೆಲ ಕಚ್ಚಿದ ಮೂರು ವರ್ಷವೂ ಮಾರದೆ ಇಟ್ಟುಕೊಂಡು ಹತ್ತು ಮೂಟೆ ಮಾಡಿದ್ದಳು. ಈಗ ಮೂಟೆಗೆ ಸಾವಿರದ ಹತ್ತಿರ ಬಂದಿತ್ತು. ಮಗಳು ಅರ್ಪಿತಾ ಬಿ.ಎಸ್ಸಿ. ಮುಗಿಸಿದ್ದಳು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಬಿ.ಎಡ್. ಸೀಟಿಗೆ ಮಾರ್ಚ್ ಮೂವತ್ತೊಂದರೊಳಗೆ ಹತ್ತು ಸಾವಿರ ಮುಂಗಡ ಕಟ್ಟಬೇಕಿತ್ತು. ಕಟ್ಟದಿದ್ದರೆ ಮೇ ತಿಂಗಳಲ್ಲಿ ಮದುವೆ ಎಂದು ಅತ್ತೆ, ಗಂಡ ಸೇರಿ ತೀರ್ಮಾನಿಸಿಯಾಗಿತ್ತು. ಗಂಡಿನ ಜಾತಕವೂ ದೇವರ ಗೂಡಿನಲ್ಲಿ ಬಂದು ಕೂತಿತ್ತು.

ಸೆಮಿಫೈನಲ್ ಗುರುವಾರ ಇತ್ತು. ಎದುರಿಗಿದ್ದದ್ದು ಕೀನ್ಯಾ. ಗುರುವಯ್ಯ ಫೋನಿನಲ್ಲಿ ಇಂಡಿಯಾ ಹನ್ನೆರಡು ಪೈಸೆ ಎಂದ. ರಂಗನಾಥ ರಿಸೀವರ್ ಇಟ್ಟವನು ಎರಡೂ ಅಂಗೈ ತಿಕ್ಕಿದ. ಜೀವಮಾನವಿಡೀ ಕಾಫಿ ಮಾರಿದವನಿಗೆ ಭಾವ ಎಂದರೆ ಒಂದೇ ಅರ್ಥ: ಬಿದ್ದಾಗ ಹಿಡಿ, ಏರಿದಾಗ ಬಿಡು. ಗೆದ್ದೇ ಗೆಲ್ಲುವ ಇಂಡಿಯಾ ಹನ್ನೆರಡು ಪೈಸೆಗೆ ಸಿಗುತ್ತಿದೆ. ಹನ್ನೆರಡು ಪೈಸೆ ಹಾಕಿದರೆ ಒಂದು ರೂಪಾಯಿ ಬರುತ್ತದೆ ಎಂದು ಅವನು ತಿಳಿದ. ಮೆಣಸು ಮಾರಿದ ಎರಡು ಸಾವಿರವನ್ನು ಒಯ್ದು ಹಿಂಬದಿಯ ಬಾಗಿಲಿನಲ್ಲಿ ಕೊಟ್ಟು ಬಂದ.

ಇಂಡಿಯಾ ಗೆದ್ದಿತು. ಶುಕ್ರವಾರ ಬೆಳಿಗ್ಗೆ ಅವನು ಹಾಸಿಗೆಯಿಂದ ಎದ್ದ ರೀತಿಯೇ ಬೇರೆ. ಹದಿನಾರು ಸಾವಿರದ ಚಿಲ್ಲರೆ ಬರಬೇಕೆಂದು ಸಾರಿದ. ಪಕ್ಕದ ಮನೆಯಿಂದ ಮುನ್ನೂರು ರೂಪಾಯಿಗೆ ಎರಡು ನಾಟಿಕೋಳಿ ಬಂದವು. ತಾಯಿಗೆ ಕಾರು ಮಾಡಿಸಿ ಹೊರನಾಡಿನ ದರ್ಶನ, ಮಗಳಿಗೆ ವಾಚು, ಪಂಪ್‌ಸೆಟ್ಟಿಗೆ ಹೊಸ ಪೈಪು, ಎಲ್ಲವೂ ಮಧ್ಯಾಹ್ನದ ಕಡುಬು ಕೋಳಿಸಾರಿನ ನಡುವೆ ಹಂಚಿಹೋದವು. ಕೃಷ್ಣಮ್ಮನಿಗೆ ಏನು ಬೇಕೆಂದು ಕೇಳಿದ. ಪೈಪು ಹೊರಲು ಒಂದಾಳು ಬೇಕು ಎಂದಳು ಅವಳು.

ಸಂಜೆ ಪೇಟೆಗೆ ಹೋದವನು ಕತ್ತಲಾಗುವುದರೊಳಗೆ ತಿರುಗಿ ಬಂದ. ಚಪ್ಪಲಿ ಬಿಡುವ ಸದ್ದಿನಲ್ಲೇ ಕೃಷ್ಣಮ್ಮನಿಗೆ ಅರ್ಧ ತಿಳಿಯಿತು. ಅವನ ಅಸಲು ಎರಡು ಸಾವಿರದ ಮೇಲೆ ಗುರುವಯ್ಯ ಇನ್ನೂರ ನಲವತ್ತು ರೂಪಾಯಿ ಇಟ್ಟಿದ್ದ.

"ಮೋಸ" ಎಂದ ರಂಗನಾಥ.

"ಎಂತ ಮೋಸ? ರೂಪಾಯಿಗೆ ಹನ್ನೆರಡು ಪೈಸೆ ಅಂದ. ಎರಡು ಸಾವಿರಕ್ಕೆ ಇನ್ನೂರ ನಲವತ್ತು. ಸರಿಯಾಗೇ ಕೊಟ್ಟಿದಾನೆ" ಎಂದಳು ಕೃಷ್ಣಮ್ಮ. "ಗೆದ್ದಿದ್ದು ಇನ್ನೂರ ನಲವತ್ತು, ಕೋಳಿಗೆ ಮುನ್ನೂರು. ಸೋತಿದ್ರೆ ಕೋಳಿನಾದ್ರೂ ಉಳೀತಿತ್ತು."

ಅರ್ಪಿತಾ ನಗು ತಡೆಯಲಾರದೆ ಒಳಗೆ ಹೋದಳು. ಅದೇ ಅವನಿಗೆ ಹೆಚ್ಚು ಚುಚ್ಚಿತು.

"ನಿಂಗೆಂತ ಗೊತ್ತು ಭಾವದ ಸಮಾಚಾರ?"

"ನಂಗೆ ಔಟ್‌ಟರ್ನ್ ಗೊತ್ತು, ಸಾಕು" ಎಂದಳು ಅವಳು. ಅದು ಸುಳ್ಳಲ್ಲ. ಐವತ್ತು ಕೆ.ಜಿ. ಒಣಹಣ್ಣಿನ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದೇ ಔಟ್‌ಟರ್ನ್. ಒಂದು ಹಿಡಿ ಹಣ್ಣು ಕೈಯಲ್ಲಿ ಅಲ್ಲಾಡಿಸಿ ಕೃಷ್ಣಮ್ಮ ಇಪ್ಪತ್ತಾರು ಎಂದರೆ ಇಪ್ಪತ್ತಾರು. ಗುರುವಯ್ಯನ ತಕ್ಕಡಿಯೂ ಅವಳ ಮಾತನ್ನು ಮೀರಿದ್ದಿಲ್ಲ. "ಹನ್ನೆರಡು ಪೈಸೆ ಅಂದ್ರೆ ಎಂಟು ಸಲ ಗೆದ್ರೆ ತೊಂಬತ್ತಾರು ಪೈಸೆ. ಒಂಬತ್ತನೇ ಸಲ ಸೋತ್ರೆ ಪೂರಾ ರೂಪಾಯಿ ಹೋಯ್ತು. ಎಂಟು ಸಲ ಗೆದ್ದೂ ಕೈಯಿಂದ ನಾಲ್ಕು ಪೈಸೆ. ಯಾರು ಗೆದ್ರೂ ಬೀಜ ಗುರುವಯ್ಯಂಗೆ, ಸಿಪ್ಪೆ ನಿಮಗೆ."

ರಂಗನಾಥ ಆ ರಾತ್ರಿ ಉಳಿದ ಕೋಳಿಸಾರನ್ನು ಮಾತಿಲ್ಲದೆ ಉಂಡ. ಅವನು ಮಾತಿಲ್ಲದೆ ಉಂಡರೆ ಏನೋ ಕಾದಿದೆ ಎಂದು ಕೃಷ್ಣಮ್ಮನಿಗೆ ಗೊತ್ತು. ನಾಳೆಯೇ ಹೋಗಿ ಹತ್ತೂ ಮೂಟೆ ಮಾರಿ ಮಗಳ ದುಡ್ಡು ಕಟ್ಟಿಬಿಡಬೇಕೆಂದು ಗಟ್ಟಿ ಮಾಡಿಕೊಂಡಳು.

ಶನಿವಾರ ಬೆಳಿಗ್ಗೆ ತಾಯಿ ಮಗಳು ಕೆಳಗಿನ ತೋಟದಲ್ಲಿ ಪೈಪು ಬದಲಾಯಿಸಿ ಬಂದರು. ಕೃಷ್ಣಮ್ಮ ಸ್ನಾನ ಮಾಡಿ, ಹನ್ನೊಂದರ ಬಸ್ಸಿಗೆ ಪೇಟೆಗೆ ಹೋದಳು. ಗುರುವಯ್ಯನ ಅಂಗಡಿಯ ಮೆಟ್ಟಿಲು ಹತ್ತಿ ಇವತ್ತಿನ ಭಾವ ಎಷ್ಟೆಂದು ಕೇಳಲು ಬಾಯಿ ತೆರೆದವಳು ಹಾಗೇ ನಿಂತಳು. ಗೋಡೆಗೆ ಒರಗಿಸಿ ಹತ್ತು ಮೂಟೆ ಪೇರಿಸಿದ್ದರು. ಹತ್ತರ ಬಾಯಿಗೂ ನೀಲಿ ದಾರದ ಹೊಲಿಗೆ.

"ಯಜಮಾನ್ರು ಬೆಳಿಗ್ಗೆನೇ ನಿಮ್ಮೂರ ನಿಂಗಯ್ಯನ ಜೀಪಲ್ಲಿ ಹಾಕ್ಕೊಂಡು ಬಂದ್ರು" ಎಂದ ಗುರುವಯ್ಯ. ರಂಗನಾಥ ಅದನ್ನು ಹತ್ತು ಸಾವಿರಕ್ಕೆ ಲೆಕ್ಕ ಮಾಡಿ, ದುಡ್ಡು ಕೈಯಲ್ಲಿ ಹಿಡಿಯದೆ, ಪೂರ್ತಿ ನಾಳಿನ ಫೈನಲ್‌ನಲ್ಲಿ ಇಂಡಿಯಾದ ಮೇಲೆ ಕಟ್ಟಿ ಹೋಗಿದ್ದ ಎಂಬುದನ್ನೂ ಹೇಳಿದ. ಅವನ ದನಿಯಲ್ಲಿ ನಾಚಿಕೆ ಇರಲಿಲ್ಲ, ಅನುಕಂಪವಿತ್ತು. ಅದು ಇನ್ನೂ ಹೇಸಿಗೆಯ ವಸ್ತು.

"ಉದುರು ನಂದು. ವಾಪಸ್ ಕೊಡಿ."

"ಮಾತಾಗಿಹೋಯ್ತಲ್ಲ ಅಮ್ಮಾ. ಮಾತಾದ ಮೇಲೆ ನಾನು ಬಿಟ್ರೂ ನನ್ನ ಮೇಲಿನವ್ರು ಬಿಡಲ್ಲ."

ಕೃಷ್ಣಮ್ಮ ಅಳಲಿಲ್ಲ. ಅಳುವುದಕ್ಕೆ ಮನೆಯಲ್ಲಿ ಜಾಗವಿತ್ತು, ಹೊತ್ತೂ ಇತ್ತು. ಅವಳಿಗೆ ಆ ಕ್ಷಣ ಬಂದದ್ದು ಸಿಟ್ಟೂ ಅಲ್ಲ, ಬಾಯಲ್ಲಿ ಹುಳುಕು ಬಾದಾಮಿ ಸಿಕ್ಕಂಥ ಕಹಿ. ಹತ್ತು ಮೂಟೆಯ ಒಂದೊಂದು ಕಾಳಿಗೂ ತಾನು ಒಂದೊಂದು ಸಲ ಬಗ್ಗಿದ್ದೇನೆ ಎಂದುಕೊಂಡಳು. ಆಮೇಲೆ ಬೆಂಚಿನ ಮೇಲೆ ಕೂತು, ಇಂಡಿಯಾ ಗೆದ್ದರೆ ಗಂಡನಿಗೆ ಎಷ್ಟು ಬರುತ್ತದೆ ಎಂದು ಕೇಳಿದಳು.

ರೂಪಾಯಿಗೆ ಒಂದು ಎಂಬತ್ತು, ಅಂದರೆ ಅಸಲಿನ ಮೇಲೆ ಹದಿನೆಂಟು ಸಾವಿರ ಎಂದ ಗುರುವಯ್ಯ.

"ಆಸ್ಟ್ರೇಲಿಯಾಕ್ಕೆ?"

"ರೂಪಾಯಿಗೆ ಐವತ್ತು ಪೈಸೆ. ಆದ್ರೆ ಆ ಕಡೆ ಹಿಡಿಯೋರೇ ಇಲ್ಲ ಅಮ್ಮಾ. ಊರಿಗೆ ಊರೇ ಇಂಡಿಯಾ."

ಕೃಷ್ಣಮ್ಮ ಅವನ ಪೆನ್ನು ಕೇಳಿ ತೆಗೆದುಕೊಂಡು, ಬಸ್ ಟಿಕೆಟ್ಟಿನ ಹಿಂದೆ ಬರೆಯತೊಡಗಿದಳು. ಆಸ್ಟ್ರೇಲಿಯಾದ ಮೇಲೆ ಇಪ್ಪತ್ತು ಸಾವಿರ ಕಟ್ಟಿದರೆ, ಅದು ಗೆದ್ದಾಗ ಬರುವ ಹತ್ತು ಸಾವಿರ ಗಂಡ ಸೋತ ಹತ್ತಕ್ಕೆ ಸರಿಹೋಗುತ್ತದೆ. ಆದರೆ ಇಂಡಿಯಾ ಗೆದ್ದರೆ ಗಂಡನ ಹದಿನೆಂಟು ಕಳೆದು ಮನೆಗೆ ಎರಡು ಸಾವಿರ ಹಾನಿ. ಹದಿನೆಂಟು ಕಟ್ಟಿದರೆ ಇಂಡಿಯಾ ಗೆದ್ದಾಗ ಸೊನ್ನೆ, ಆಸ್ಟ್ರೇಲಿಯಾ ಗೆದ್ದಾಗ ಒಂದು ಸಾವಿರ ಹಾನಿ. ನಡುವೆ ಹುಡುಕಿದಳು. ಹದಿನೆಂಟು ಸಾವಿರದ ಆರ್ನೂರಕ್ಕೆ ಬಂದು ನಿಂತಳು. ಆಸ್ಟ್ರೇಲಿಯಾ ಗೆದ್ದರೆ ಏಳ್ನೂರು ಹೋಗುತ್ತದೆ, ಇಂಡಿಯಾ ಗೆದ್ದರೆ ಆರ್ನೂರು. ಯಾರು ಗೆದ್ದರೂ ಮನೆಗೆ ಅಷ್ಟೇ ಪೆಟ್ಟು. ಅದು ಗುರುವಯ್ಯನ ಪಾಲಿನ ಬೀಜ, ಕೊಡದೆ ವಿಧಿಯಿಲ್ಲ.

ಎರಡು ಬಾಗಿಲು ಆಚೆ ಸೊಸೈಟಿ ಇತ್ತು. ಶನಿವಾರ ಒಂದು ಗಂಟೆಗೆ ಮುಚ್ಚುತ್ತದೆ. ಹನ್ನೆರಡೂವರೆಗೆ ಅವಳ ಎರಡೂ ಕೈ ಬೋಳಾಗಿದ್ದವು. ತವರಿನ ನಾಲ್ಕು ಬಳೆಗಳನ್ನು ಅಡವಿಟ್ಟ ದುಡ್ಡನ್ನು ತಂದು ಗುರುವಯ್ಯನ ಮುಂದೆ ಇಟ್ಟಾಗ, ಏಳೆಂಟು ವರ್ಷದಲ್ಲಿ ಮೊದಲ ಸಲ ಅವನು ಎದ್ದು ನಿಂತು ಎಣಿಸಿದ.

ಭಾನುವಾರ ಮಧ್ಯಾಹ್ನ ಮನೆ ತುಂಬ ಜನ. ಕೂತಲ್ಲಿಂದ ಎದ್ದು ತಮ್ಮ ತೋಟದ ಬೇಲಿ ಕಟ್ಟದವರೆಲ್ಲ ಅಲ್ಲಿ ಕೂತು, ಸಮುದ್ರದಾಚೆಯ ಆಟಗಾರರಿಗೆ ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುತ್ತಿದ್ದರು. ಟಿ.ವಿ.ಗೆ ಯಾರೋ ಕುಂಕುಮ ಹಚ್ಚಿದ್ದರು. ಕೃಷ್ಣಮ್ಮ ಕೈಗೆ ಗಾಜಿನ ಬಳೆ ಏರಿಸಿಕೊಂಡು, ಅಕ್ಕಿರೊಟ್ಟಿ ತಟ್ಟಿ, ಎಳೆ ಹಲಸಿನ ಗುಜ್ಜೆಪಲ್ಯ ಮಾಡಿ, ಮೂರು ಸಲ ಕಾಫಿ ಕೊಟ್ಟಳು. ಆಸ್ಟ್ರೇಲಿಯಾದವರು ಹೊಡೆಯುತ್ತ ಹೋದ ಹಾಗೆ ಕಾಫಿಯ ಲೋಟಗಳು ತುಂಬಿದ ಹಾಗೇ ತಿರುಗಿ ಬಂದವು. ಸಂಜೆ ಐದರ ಹೊತ್ತಿಗೆ ಮುನ್ನೂರ ಐವತ್ತೊಂಬತ್ತು ಎಂಬ ಅಂಕಿ ಪರದೆಯ ಮೇಲೆ ಬಂತು. ಒಬ್ಬೊಬ್ಬರೇ ದನ ಕಟ್ಟುವುದಿದೆ ಎಂದು ಎದ್ದರು. ಆ ಅಂಕಿ ಕಂಡಾಗ ಕೃಷ್ಣಮ್ಮನಿಗೆ ಸಮಾಧಾನವಾಯಿತು, ಅದನ್ನು ಬಚ್ಚಿಡುವ ಅಗತ್ಯವೂ ಅವಳಿಗೆ ಕಾಣಲಿಲ್ಲ. ಎದ್ದು ಹೋಗಿ ರಾತ್ರಿಯ ಅಕ್ಕಿ ತೊಳೆದಳು.

ಇಂಡಿಯಾ ಸೋತಿತು. ಸೋಮವಾರ ಅವಳು ಗುರುವಯ್ಯನಲ್ಲಿಗೆ ಹೋಗಿ ಇಪ್ಪತ್ತೇಳು ಸಾವಿರದ ಒಂಬೈನೂರು ಎಣಿಸಿಕೊಂಡು ಬಂದಳು. ಬಡ್ಡಿಯ ಇಪ್ಪತ್ತು ರೂಪಾಯಿ ಕೈಯಿಂದ ಹಾಕಿ ಬಳೆ ಬಿಡಿಸಿದಳು. ಉಳಿದ ಒಂಬತ್ತು ಸಾವಿರದ ಮುನ್ನೂರನ್ನು ಅರ್ಪಿತಾ ಮರುದಿನವೇ ಚಿಕ್ಕಮಗಳೂರಿಗೆ ಒಯ್ದು ಕಟ್ಟಿದಳು. ಬಾಕಿ ಏಳ್ನೂರಕ್ಕೆ ಕಾಲೇಜಿನ ಗುಮಾಸ್ತ ಹದಿನೈದು ದಿನ ಗಡುವು ಕೊಟ್ಟ.

ಗುರುವಯ್ಯನ ಬಾಯಿಗೆ ಹೊಲಿಗೆ ಇರಲಿಲ್ಲ. ಎರಡೇ ದಿನದಲ್ಲಿ ಸುದ್ದಿ ಪೇಟೆಯಿಂದ ಹಳ್ಳಿಗೆ ಬಂತು. ಹೆಂಡತಿಯ ಕಾಫಿ ಕದ್ದು ಬಾಜಿ ಕಟ್ಟಿದವನಿಗೆ ಊರು ಪಾಪ ಎಂದಿತು, ದೇಶದ ಮೇಲಿನ ಅಭಿಮಾನದಿಂದ ಕಳಕೊಂಡನಲ್ಲ ಎಂದಿತು. ಆಸ್ಟ್ರೇಲಿಯಾ ಹಿಡಿದ ಹೆಂಗಸನ್ನು ಮಾತ್ರ ಬಸ್ಸಿನಲ್ಲಿ ತಿರುತಿರುಗಿ ನೋಡಿತು. ಊರಿನ ತಕ್ಕಡಿ ಯಾವ ಕಡೆ ವಾಲುತ್ತದೆ ಎಂದು ಕೃಷ್ಣಮ್ಮನಿಗೆ ಮೊದಲೇ ಗೊತ್ತಿದ್ದರಿಂದ ಅವಳು ಕಿಟಕಿಯಾಚೆ ನೋಡಿಕೊಂಡು ಬಂದಳು.

ಜಗಳ ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಆಯಿತು. ಹುರುಳಿ ಸಾರು ಬಡಿಸುತ್ತಿದ್ದಾಗ ರುಕ್ಮಿಣಮ್ಮನೇ ಶುರು ಮಾಡಿದರು. ಗಂಡ ಸೋಲಲಿ ಎಂದು ದುಡ್ಡು ಕಟ್ಟಿದ ಹೆಂಗಸನ್ನು ತಾವು ಈ ಎಪ್ಪತ್ತೆಂಟು ವರ್ಷದಲ್ಲಿ ಕಂಡಿಲ್ಲ ಎಂದರು. ಉದುರು ಕಾಫಿಗೆ ಕೈ ಹಾಕಿದ ಗಂಡಸನ್ನು ಕಂಡಿದ್ದೀರಾ ಅತ್ತೆ ಎಂದು ಕೃಷ್ಣಮ್ಮ ಕೇಳಿದಳು. ಅತ್ತೆ ಉಪ್ಪಿನಕಾಯಿ ಹಾಕಿಸಿಕೊಂಡರು.

ರಂಗನಾಥ ತಟ್ಟೆಯಿಂದ ತಲೆಯೆತ್ತಿದ. "ಒಂಬತ್ತು ಸಾವಿರ ಹೆಂಗೆ ಬಂತು ಅಂತ ಗೊತ್ತು. ನಾನು ಸೋತಿದ್ದಕ್ಕೇ ಅದು ಬಂದಿದ್ದು. ನನ್ನ ಕೇಳ್ದೆ ಕಟ್ಟಿದ್ಯಾಕೆ?"

ಇಂಥ ಮಾತನ್ನು ಮುಖ ಗಂಟಿಕ್ಕಿಕೊಂಡು ಹೇಳಲು ಹುಟ್ಟಿನಿಂದಲೇ ಒಂದು ಪ್ರತಿಭೆ ಬೇಕು. ಕೃಷ್ಣಮ್ಮ ಸೌಟು ಕೆಳಗಿಟ್ಟು, ಬಸ್ ಟಿಕೆಟ್ಟಿನ ಲೆಕ್ಕವನ್ನು ಅವನಿಗೆ ಅರ್ಥವಾಗುವ ಹಾಗೆ ಹೇಳಿದಳು. ತಾನು ಆಸ್ಟ್ರೇಲಿಯಾ ಗೆಲ್ಲಲಿ ಎಂದು ಕಟ್ಟಿದ್ದಲ್ಲ. ಆ ಕಡೆ ಗೆದ್ದರೆ ಏಳ್ನೂರು, ಈ ಕಡೆ ಗೆದ್ದರೆ ಆರ್ನೂರು. ಯಾರು ಗೆದ್ದರೂ ಮಗಳ ಸೀಟು ಉಳಿಯುತ್ತಿತ್ತು.

"ಅಮ್ಮ, ಆ ಲೆಕ್ಕದಲ್ಲಿ ಒಂದು ತಪ್ಪಿದೆ" ಎಂದಳು ಅರ್ಪಿತಾ. ಅವಳು ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ಟಿಕೆಟ್ಟನ್ನು ಎರಡು ದಿನದಿಂದ ನೋಡುತ್ತಿದ್ದಳು. "ಇಂಡಿಯಾ ಗೆದ್ದಿದ್ರೆ ಹದಿನೆಂಟು ಸಾವಿರ ಅಪ್ಪನ ಜೇಬಿಗೆ ಹೋಗ್ತಿತ್ತು. ನಿನ್ನ ಬಳೆ ಹೋಗಿರ್ತಿತ್ತು. ಅಪ್ಪ ಆ ದುಡ್ಡು ನಿನ್ನ ಕೈಗೆ ಕೊಡ್ತಾರೆ ಅಂತ ನೀನು ಯಾವ ಭಾವದಲ್ಲಿ ಹಿಡಿದೆ?"

ಕೃಷ್ಣಮ್ಮ ಇಪ್ಪತ್ತೇಳು ವರ್ಷದಿಂದ ಕಾಸಿನ ಬೆಲೆ ಕೊಡದ ಮನುಷ್ಯನನ್ನು ಆ ಶನಿವಾರ ಬೆಂಚಿನ ಮೇಲೆ ಕೂತು, ಯೋಚನೆಯನ್ನೂ ಮಾಡದೆ, ಪೂರ್ತಿ ಬೆಲೆಗೆ ಲೆಕ್ಕಕ್ಕೆ ಹಿಡಿದಿದ್ದಳು. ಉಳಿದದ್ದೆಲ್ಲ ಲೆಕ್ಕ, ಅದೊಂದೇ ಬಾಜಿ. ಅವಳಿಗೆ ನಾಚಿಕೆಯಾಯಿತು, ಊರು ನೋಡಿದಾಗ ಆಗದಿದ್ದಷ್ಟು ನಾಚಿಕೆ. ಅವಳು ಗಂಡನ ಕಡೆ ತಿರುಗಿದಳು.

"ಹೇಳಿ. ಕೊಡ್ತಿದ್ರಾ?"

ರಂಗನಾಥ ಅನ್ನವನ್ನು ಬಹಳ ಹೊತ್ತು ಕಲೆಸಿದ. "ಕೊಡದೆ ಎಂತ" ಎಂದ. ಆಮೇಲೆ, ಪ್ರಾಮಾಣಿಕನಾಗಬೇಕೆಂದು ಅನಿಸಿತೋ ಏನೋ, ಸೇರಿಸಿದ: "ಮುಂದಿನ ತಿಂಗಳು ಢಾಕಾದಲ್ಲಿ ಮ್ಯಾಚ್ ಇದೆಯಲ್ಲ. ಅದೊಂದು ಆದ ಮೇಲೆ ಕೊಡ್ತಿದ್ದೆ."

ರುಕ್ಮಿಣಮ್ಮ ಕೂಡ ಅಗಿಯುವುದನ್ನು ನಿಲ್ಲಿಸಿ ಮಗನನ್ನು ನೋಡಿದರು. ಕೃಷ್ಣಮ್ಮ ಅವನ ತಟ್ಟೆಗೆ ಮಜ್ಜಿಗೆ ಬಡಿಸಿ, ಒಳಗೆ ಹೋಗಿ, ತಾನು ಉದುರು ಹೆಕ್ಕುವ ಬುಟ್ಟಿಯನ್ನು ತಂದು ಅವನ ಪಕ್ಕದಲ್ಲಿ ಇಟ್ಟಳು.

"ಏಳ್ನೂರು ಬಾಕಿ ಇದೆ. ಅದು ನಿಮ್ಮದು. ರಸ್ತೆ ಪಕ್ಕದ ತೋಟಕ್ಕೆ ಇನ್ನೂ ನೀರು ಹಾರಿಸಿಲ್ಲ, ಬುಡದಲ್ಲಿ ಬೇಕಾದಷ್ಟು ಬಿದ್ದಿದೆ."

"ನಾನಾ? ಉದುರು ಹೆಕ್ಕೋದಾ?"

"ಹತ್ತು ಮೂಟೆ ಹೊತ್ತುಕೊಂಡು ಹೋಗೋವಾಗ ಮರ್ಯಾದೆ ಅಡ್ಡ ಬರಲಿಲ್ಲ. ಹೆಕ್ಕೋಕೆ ಮಾತ್ರ ಬರ್ತದಾ?"

ಅವನು ತಾಯಿಯ ಮುಖ ನೋಡಿದ. ರುಕ್ಮಿಣಮ್ಮ ಕೈ ತೊಳೆಯಲು ಎದ್ದರು. "ಉದುರು ಹೆಂಗಸರದ್ದು ಕಣಾ" ಎಂದರು, ಹೋಗುತ್ತ. "ಅದನ್ನ ನೀನು ಮುಟ್ಟಬಾರದಿತ್ತು."

ಮರುದಿನ ಬೆಳಿಗ್ಗೆ ಅವನು ಹೋದ. ರಸ್ತೆಯಲ್ಲಿ ಜೀಪು ನಿಲ್ಲಿಸಿ ನಿಂಗಯ್ಯ, ಗಿಡದ ಅಡಿಯಲ್ಲಿ ಎಂತ ಮಾಡ್ತಿದ್ದೀರಿ ಎಂದು ಕೇಳಿದನಂತೆ. ಏನೋ ಬಿದ್ದುಹೋಗಿತ್ತು, ಹುಡುಕುತ್ತಿದ್ದೇನೆ ಎಂದನಂತೆ ರಂಗನಾಥ. ಎಷ್ಟೋ ವರ್ಷಗಳ ನಂತರ ಅವನ ಬಾಯಿಂದ ಬಂದ ನಿಜ ಅದು.

ಮಧ್ಯಾಹ್ನ ಮಂಡಿ ಹಿಡಿದುಕೊಂಡು ಬಂದು ಬುಟ್ಟಿಯನ್ನು ಜಗಲಿಯಲ್ಲಿ ಇಟ್ಟ. ಮುಕ್ಕಾಲು ಬುಟ್ಟಿ ತುಂಬಿತ್ತು. ಕೃಷ್ಣಮ್ಮ ಅದನ್ನು ಮೊರಕ್ಕೆ ಸುರಿದು ಕೇರಿದಳು. ತರಗೆಲೆ ಹಾರಿತು, ಜೊಳ್ಳು ಹಾರಿತು, ಕಲ್ಲು ಬೇರೆ ಬಿತ್ತು. ಮೊರದ ಮೂಲೆಯಲ್ಲಿ ನಿಂತದ್ದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು.

"ಎಷ್ಟಾಯ್ತು?" ಎಂದು ಕೇಳಿದ ರಂಗನಾಥ. ಅವನ ಕಣ್ಣಿನಲ್ಲಿ ಆಗಲೂ ಹದಿನಾರು ಸಾವಿರದ ಚಿಲ್ಲರೆಯ ಆಸೆ ಇತ್ತು.

"ಮೂವತ್ತೈದು ರೂಪಾಯಿ" ಎಂದಳು ಕೃಷ್ಣಮ್ಮ. "ಇನ್ನು ಆರ್ನೂರ ಅರವತ್ತೈದು. ಊಟ ಮಾಡಿ ಹೋಗಿ."